ಗಂಟೆಗೆ ಮೂವತ್ತೊಂದು ಸ್ಟಾಪು

ನಾದಿನಿ ಮಗಳ ಮದುವೆಯ ಹಿಂದಿನ ರಾತ್ರಿ
ಛತ್ರದ ಮಹಡಿಯಲ್ಲಿ ಹದಿನಾಲ್ಕು ಹೆಂಗಸರು ಸಾಲಾಗಿ ಮಲಗಿದೆವು.
ಬೆಳಗ್ಗೆ ಹದಿಮೂರು ಜನ ನನ್ನನ್ನೇ ನೋಡಿ ನಕ್ಕರು.
'ಅಲ್ಲ ಕಣೆ ಇಂದ್ರಾಣಿ, ರಾತ್ರಿಯೆಲ್ಲ
ಕಬ್ಬಿನ ಲಾರಿ ಏರು ಹತ್ತಿಸಿದೆಯಲ್ಲೇ!'
ನಾನೂ ನಕ್ಕೆ,
ಕಾಫಿ ಲೋಟದೊಳಗೆ ಮುಖ ಇಟ್ಟುಕೊಂಡು.

ಗಂಡಸು ಗೊರಕೆ ಹೊಡೆದರೆ, ಪಾಪ, ದಣಿದಿದ್ದಾನೆ.
ಹೆಂಗಸು ಹೊಡೆದರೆ
ಊರಿಗೆ ಒಂದು ವಾರದ ಮಾತು.

ರಾಚಪ್ಪ ಯಾವತ್ತೂ ದೂರಿದವನಲ್ಲ.
ಮೂರು ವರ್ಷದ ಹಿಂದೆ ಚಾಪೆ ಸುತ್ತಿಕೊಂಡು ಹಾಲಿಗೆ ಹೋದ.
'ಅಲ್ಲಿ ಫ್ಯಾನಿನ ಗಾಳಿ ಚೆನ್ನಾಗಿ ಬರ್ತದೆ' ಅಂದ.
ಹಾಲಿನಲ್ಲಿ ಫ್ಯಾನೇ ಇಲ್ಲ.

ನನ್ನ ಗೊರಕೆ ನನಗೆ ಕೇಳಿದ್ದಿಲ್ಲ.
ನನಗೆ ಗೊತ್ತಿದ್ದದ್ದು ಹಗಲು ಮಾತ್ರ:
ತಲೆಯೊಳಗೆ ಒದ್ದೆ ಗೋಣಿಚೀಲ,
ನಾಲಿಗೆ ಜಗಿದು ಉಗಿದ ಕಬ್ಬಿನ ಸಿಪ್ಪೆ,
ಇಂಡುವಾಳು ದಾಟುವಷ್ಟರಲ್ಲಿ
ಕಂಬಿ ಹಿಡಿದು ನಿಂತೇ ತೂಕಡಿಕೆ.
ಐವತ್ತಕ್ಕೆ ಚಿಲ್ಲರೆ ಕೇಳಿದವನಿಗೆ
ಐನೂರರ ಚಿಲ್ಲರೆ ಕೊಟ್ಟು, ಸಂಜೆ ಡಿಪೋದಲ್ಲಿ
ಕೈಯಿಂದ ಕಟ್ಟಿದ್ದೇನೆ.
ಮಂಡ್ಯದ ಡಾಕ್ಟರು ಎರಡು ವರ್ಷ
ಕಬ್ಬಿಣದ ಮಾತ್ರೆ ಬರೆದರು. 'ಈ ವಯಸ್ಸಲ್ಲಿ ಸುಸ್ತು ಇದ್ದದ್ದೇ ತಾಯಿ.'

ಆಮೇಲೆ ಗಣಂಗೂರು.
ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲಕ್ಕೆ ಚಾಚಿದ ಅಜ್ಜಿ.
ಅವಳ ಹಿಂದೆ ನಾನು, ಕಣ್ಣು ಮುಚ್ಚಿಕೊಂಡೇ,
'ರೈಟ್' ಅಂದುಬಿಟ್ಟೆ.
ಮರಿಸ್ವಾಮಿ ಕನ್ನಡಿಯಲ್ಲಿ ಕಂಡು ಬ್ರೇಕ್ ಒತ್ತಿದ.
ಅಜ್ಜಿ ಬೈಯಲಿಲ್ಲ. ಇಳಿದು, ಸೆರಗು ಸರಿಮಾಡಿಕೊಂಡು,
'ನಿದ್ದೆಗೆಟ್ಟಿದ್ದೀಯ ಮಗಾ' ಅಂದಳು.

ಮೈಸೂರಿನ ಆಸ್ಪತ್ರೆ. ಮೂಗು, ಗಂಟಲಿನ ಡಾಕ್ಟರು
ರಾಚಪ್ಪನ ಕಡೆ ತಿರುಗಿ ಕೇಳಿದರು:
'ಎಷ್ಟು ವರ್ಷದಿಂದ ಗೊರಕೆ ಹೊಡೀತೀರಿ?'
ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ
ಅವನು ಬೆರಳನ್ನು ನನ್ನ ಕಡೆ ತೋರಿಸಿದ.
ಬಾಯಿಗೆ ಬ್ಯಾಟರಿ ಬಿಟ್ಟರು. ಬಿ.ಪಿ. ನೋಡಿದರು.
ಕತ್ತಿಗೆ ಟೇಪು ಸುತ್ತಿದರು; ರವಿಕೆಗೆ ಅಳತೆ ಕೊಟ್ಟವಳು ನಾನು,
ಕತ್ತಿನದು ಅದೇ ಮೊದಲು.
'ಮಧ್ಯೆ ಉಸಿರು ನಿಲ್ಲುತ್ತಾ?'
'ನಿಲ್ತದೆ ಸಾರ್. ಎಣಿಸ್ತೀನಿ.
ಒಂದೊಂದು ಸಲ ಇಪ್ಪತ್ತೆರಡರ ತಂಕ ಹೋಯ್ತದೆ.
ಮೂವತ್ತಾದರೆ ಎದ್ದು ಅಲ್ಲಾಡಿಸೋಣ ಅಂತ ಕೂತಿರ್ತೀನಿ.'

ಕೂತಿರ್ತೀನಿ.
ಮೂರು ವರ್ಷ, ಫ್ಯಾನಿಲ್ಲದ ಹಾಲಿನಲ್ಲಿ.

ಒಂದು ರಾತ್ರಿ ಅಲ್ಲೇ ಮಲಗಿಸಿದರು.
ತಲೆಗೆ ವೈರು, ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು ಹಾಕಿ
ಎಳೆಯ ನರ್ಸು ಹೇಳಿದಳು, 'ಈಗ ನಿದ್ದೆ ಮಾಡಿ ಅಮ್ಮ.'
ಬಸ್ಸಿನಲ್ಲಿ ನಿಂತೇ ಮಲಗುವವಳಿಗೆ
ಮಾಡು ಅಂದಾಗ ಬರಲಿಲ್ಲ, ಒಂದು ಗಂಟೆಯವರೆಗೆ.

ರಿಪೋರ್ಟು ಬಂತು.
ನಾಲಿಗೆ ಹಿಂದಕ್ಕೆ ಜಾರುತ್ತದೆ, ಗಂಟಲು ಸಡಿಲಾಗಿ
ದಾರಿ ಮುಚ್ಚಿಕೊಳ್ಳುತ್ತದೆ. ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ.
'ಎದ್ದ ನೆನಪು ನಿಮಗಿರಲ್ಲ. ಗಂಟೆಗೆ ಮೂವತ್ತೊಂದು ಸಲ.'
ಮೂವತ್ತೊಂದು!
ನಮ್ಮ ಶಟಲ್ ಬಸ್ಸೂ ಇಷ್ಟು ಕಡೆ ನಿಲ್ಲುವುದಿಲ್ಲ ಸ್ವಾಮಿ.
ರಾತ್ರಿ ಹೊತ್ತು ನನ್ನ ಗಂಟಲಲ್ಲಿ
ಹತ್ತುವವರು ಯಾರು, ಇಳಿಯುವವರು ಯಾರು?

ಆಪರೇಷನ್ ಬೇಡ ಅಂದರು, ಸದ್ಯಕ್ಕೆ.
ಎಂಟು ಕೆ.ಜಿ. ಇಳಿಸಿ, ಪಕ್ಕಕ್ಕೆ ತಿರುಗಿ ಮಲಗಿ,
ಮತ್ತೆ ಈ ಮೆಷೀನು. ಸೊಸೈಟಿಯಲ್ಲಿ ಸಾಲ ತೆಗೆದೆ.
ಮೂಗಿಗೆ ಮಾಸ್ಕು, ಮಾಸ್ಕಿಗೆ ಸೊಂಡಿಲು,
ಸೊಂಡಿಲಿನಿಂದ ಬಿಡದೆ ಒತ್ತುವ ಗಾಳಿ.
ಮೊದಲ ಮೂರು ರಾತ್ರಿ ಕಿತ್ತೆಸೆದೆ.
ನಾಲ್ಕನೆಯ ದಿನ ಕರೆಂಟು ಹೋಯಿತು.
ಐದನೆಯ ದಿನ ಏನಾಯಿತೋ ಗೊತ್ತಿಲ್ಲ, ಬೆಳಗಾಗಿತ್ತು.

ಹನ್ನೊಂದನೆಯ ದಿನ ಕಿರಂಗೂರಿನ ಹತ್ತಿರ
ಕಬ್ಬಿನ ಸೂಲಂಗಿ ಬಿಳಿಯಾಗಿ ಗಾಳಿಗೆ ಬಾಗುತ್ತಿತ್ತು.
'ಇದು ಯಾವಾಗ ಬಂತೋ ಮರಿಸ್ವಾಮಿ?'
'ಪ್ರತಿ ವರ್ಷ ಬರ್ತದೆ ಕಣಕ್ಕ.'

ಅವತ್ತು ರಾತ್ರಿ ರಾಚಪ್ಪ ಚಾಪೆ ಹೊತ್ತು ಒಳಗೆ ಬಂದ.
ಮಲಗಿದ. ಹತ್ತು ನಿಮಿಷವೂ ಆಗಿಲ್ಲ,
ಶುರು ಮಾಡಿದ ನೋಡಿ, ಹಳೇ ಟ್ರ್ಯಾಕ್ಟರು!
ಮೂರು ವರ್ಷದ ಬಾಕಿ ನಿದ್ದೆ.
ನಾನು ಸೊಂಡಿಲು ಹಾಕಿಕೊಂಡು ಕತ್ತಲಲ್ಲಿ
ಅವನ ಉಸಿರು ಎಣಿಸುತ್ತ ಕೂತೆ.
ಎಲ್ಲೂ ನಿಲ್ಲಲಿಲ್ಲ. ನಾನ್‌ಸ್ಟಾಪ್.
ಮಾಸ್ಕಿನೊಳಗಿನಿಂದಲೇ ಮೆಲ್ಲಗೆ ಅಂದೆ:
ರೈಟ್, ರೈಟ್.